ನೆಲ ಡೊಂಕು

ಮನೆ ಕೊಂಡಾಗ ಗ್ಯಾರೇಜಿನ ಜೊತೆ ಅದೂ ಬಂತು,
ಗೋಡೆಗೆ ಬೋಲ್ಟು ಹೊಡೆದ ಮೇಜು,
ಯಾರೋ ಆರಡಿಯ ಆಳು ತನ್ನ ಸೊಂಟ ನೋಡಿ ಕಟ್ಟಿದ್ದು.
ನನಗೆ ಎದೆಮಟ್ಟ.
ಕೀಸುಳಿ ಹಿಡಿದರೆ ಮೊಣಕೈ ಕಿವಿಯ ಹತ್ತಿರ,
ಹಾಲಿನ ಕ್ರೇಟಿನ ಮೇಲೆ ನಿಂತು ತಳ್ಳಿದರೆ
ಮರ ಅಲ್ಲೇ, ಕ್ರೇಟು ಹೋದಲ್ಲಿ ನಾನು.

ಇಪ್ಪತ್ತೆರಡು ವರ್ಷ ಜೀಲಾಂಗಿನ ಆಸ್ಪತ್ರೆಯಲ್ಲಿ
ಹಾಸಿಗೆ ಏರಿಸಿ ಇಳಿಸಿದವಳು.
ಮೊದಲ ದಿನವೇ ಹೇಳಿಕೊಟ್ಟಿದ್ದರು: ನೀನು ಬಗ್ಗಬೇಡ,
ಹಾಸಿಗೆಯೇ ನಿನ್ನ ಕೈಗೆ ಬರಲಿ.
ಕಲಿತೆ. ಆದರೂ ಬಗ್ಗಿದೆ, ರಾತ್ರಿಪಾಳಿಯ ಅವಸರದಲ್ಲಿ.
ಈಗ ಬೆನ್ನಿನ ಕೆಳಗಿನೆರಡು ಮಣಿಗಳಿಗೆ
ಒಂದಕ್ಕೊಂದು ಮಾತಿಲ್ಲ.

ಅಂಗಡಿ ಅಂಗಡಿ ತಿರುಗಿದೆ.
ಗುಂಡಿ ಒತ್ತಿದರೆ ಏಳುವುದೊಂದು, ಬೆಲೆ ಅದಕ್ಕೂ ಮೊದಲೇ ಎದ್ದಿತ್ತು.
ಕಾಲಲ್ಲಿ ತುಳಿಯುವ ಎಣ್ಣೆಯ ಜಾಕು,
ಬಿಟ್ಟರೆ ನಿಟ್ಟುಸಿರಿಟ್ಟು ಕೂರುವುದು.
ಕತ್ತರಿಕಾಲಿನದು ಏರಿದಷ್ಟೂ ತೊನೆಯಿತು.
ಒಂದು ಸುತ್ತಿಗೆ ಪೆಟ್ಟು ಕೊಟ್ಟು ನೋಡಲೇ ಅಂದೆ.
ಹುಡುಗ ಬೇಡವೆಂದ.

ಪಕ್ಕದ ಮನೆಯ ಜ್ವೊಂಕೊ,
ಕಾರಿನ ಕಾರ್ಖಾನೆ ಮುಚ್ಚುವ ತನಕ ಅಲ್ಲಿ ಬಾಗಿಲು ಜೋಡಿಸಿದವನು,
ನನ್ನ ತಲೆಗಿಂತ ಎತ್ತರದ ಬೇಲಿಯ ಮೇಲೆ ಗದ್ದವಿಟ್ಟು ಹೇಳಿದ:
"ನಾಲ್ಕು ತಿರುಪುಸರಳು. ನಾಲ್ಕು ನಟ್ಟು. ನಾನು.
ಶನಿವಾರ ಮೇಜು ನನಗೆ."

ಮೊದಲು ನಾಲ್ಕು ಕಾಲಿಗೂ ಬೇರೆ ಬೇರೆ ಹಿಡಿ.
ಎತ್ತು ಏರಿಗೆಳೆಯಿತು, ಕೋಣ ನೀರಿಗೆ.
ಮುಕ್ಕಾಲಿಂಚಿನ ಉಳಿ ಉರುಳಿ
ನನ್ನ ಹೆಬ್ಬೆರಳಿಗೆ ಕೂದಲೆಳೆ ದೂರದಲ್ಲಿ ನೆಲ ಕಚ್ಚಿತು.

ಬೀದಿಯವರೆಲ್ಲ ಹಳೆ ಸಾಮಾನು ಹೊರಗಿಡುವ ವಾರ
ಹೊತ್ತು ತಂದೆವು ಮಕ್ಕಳ ಸೈಕಲ್ಲು, ನಾಲ್ಕು.
ಒಂದಕ್ಕೆ ಇನ್ನೂ ಗುಲಾಬಿ ಬಣ್ಣದ ಬುಟ್ಟಿ.
ಚೈನುಗಳನ್ನು ಬಿಚ್ಚಿ ಒಂದೇ ಮಾಡಿ
ನಾಲ್ಕೂ ಕಾಲಿನ ಹಲ್ಲುಚಕ್ರಕ್ಕೆ ಸುತ್ತಿದೆವು.
ಈಗ ಒಂದೇ ಹಿಡಿ. ಒಂದು ಕಾಲು ಏಳಬೇಕಾದರೆ
ಉಳಿದ ಮೂರಕ್ಕೂ ಮನಸ್ಸಿರಬೇಕು.
ಒಂದು ಸುತ್ತಿಗೆ ಒಂದು ಜೋಳದ ಕಾಳಿನಷ್ಟು.
ನನ್ನ ಎತ್ತರದಿಂದ ಅವನದಕ್ಕೆ ನಲವತ್ತೈದು ಕಾಳು.

ಆದರೂ ರಸಮಟ್ಟದ ಗುಳ್ಳೆ ನಡುಗೆರೆಗೆ ಬರಲೊಲ್ಲದು.
ಅವನು ನನ್ನ ಅಳತೆಯನ್ನು ಬೈದ.
ನಾನು ಅವನ ನಟ್ಟುಗಳನ್ನು.
ಎರಡು ಭಾನುವಾರ ಬಿಚ್ಚಿದ್ದೇ ಬಿಚ್ಚಿದ್ದು, ಬಿಗಿದದ್ದೇ ಬಿಗಿದದ್ದು.
ಮೂರನೆಯದರಂದು ಕೈಜಾರಿದ ಪೆನ್ಸಿಲು
ನೆಲದ ಮೇಲೆ ಬಿದ್ದು, ಯೋಚಿಸಿ,
ಹೊರಟಿತು ಮೂಲೆಯ ಮೋರಿಯ ಕಡೆಗೆ,
ದಾರಿ ಗೊತ್ತಿದ್ದವರ ಹಾಗೆ.
ನೀರು ನಿಲ್ಲಬಾರದೆಂದು ಯಾರೋ ಎಂದೋ
ಓರೆಯಾಗಿ ಹಾಕಿದ ಕಾಂಕ್ರೀಟು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,
ಎಂದೆ, ಕನ್ನಡದಲ್ಲೇ, ನನ್ನಷ್ಟಕ್ಕೆ.
ಎಷ್ಟು ಸಲ ಅನ್ನಿಸಿಕೊಂಡ ಮಾತು,
ಹೊಲಿಗೆ ಕ್ಲಾಸಿನಲ್ಲಿ, ಅತ್ತೆಯ ಅಡುಗೆಮನೆಯಲ್ಲಿ.
ಅವರ್ಯಾರೂ ನೆಲಕ್ಕೆ ರಸಮಟ್ಟ ಇಟ್ಟು ನೋಡಲಿಲ್ಲ.

"ಏನಂದೆ? ನನ್ನ ಹೆಸರು ಕೇಳಿಸಿತು."
ನಿನ್ನ ಹೆಸರಲ್ಲ ಮಾರಾಯ, ಡೊಂಕು.
"ಜ್ವೊಂಕೊ?"
ಡೊಂಕು.
ಅರ್ಥ ಹೇಳಿದ ಮೇಲೆ ಕೆಮ್ಮು ಬರುವವರೆಗೂ ನಕ್ಕ.
ನಕ್ಕು, ಕುಂಟುತ್ತ ಮನೆಗೆ ಹೋದ.
ಸೊಂಟದ ಆಪರೇಷನ್ನಿನಲ್ಲಿ ಅವನ ಎಡಗಾಲು ಗಿಡ್ಡವಾಗಿದೆ,
ಆ ಬೂಟಿಗೆ ಮಾತ್ರ ಹೆಬ್ಬೆರಳು ದಪ್ಪದ ಅಟ್ಟೆ.
ಹಳೆಯ ಜೋಡಿಯಿಂದ ಅದನ್ನು ಕಿತ್ತು ತಂದ,
ಎರಡು ತುಂಡು ಮಾಡಿ, ಉಜ್ಜಿ,
ಮೋರಿ ಕಡೆಯ ಎರಡು ಕಾಲಿಗೆ ತೊಡಿಸಿದ.
ಗುಳ್ಳೆ ಬಂದು ನಡುವೆ ಕೂತಿತು.

ಮೇಜಿನ ಕಾಲಿಗೆ ಈಗ ಪೆನ್ಸಿಲಿನ ಮೂರು ಗೀಟು.
ಕೆಳಗಿನದು ನನ್ನದು, ಮೇಲಿನದು ಶನಿವಾರದ್ದು.
ನಡುವಿನದಕ್ಕೆ ನಿಂತರೆ ಅವನ ಬೆನ್ನು ಹಿಡಿಯುತ್ತದೆ,
ನನ್ನ ಭುಜ ಏಳುತ್ತದೆ,
ಯಾವ ಕೆಲಸಕ್ಕೂ ಬಾರದ ಎತ್ತರ.
ಅಲ್ಲಿ ಚಹಾದ ಲೋಟ ಇಡುತ್ತೇವೆ.